ಕಾಫಿ ಚೆಲ್ಲದ ಗಾಡಿ

ನಮ್ಮ ಅಡುಗೆಮನೆಯ ಶೆಲ್ಫಿನಲ್ಲಿ ಅಂಚು ಜಜ್ಜಿಹೋದ ಒಂದು ಸ್ಟೀಲ್ ಲೋಟವಿದೆ. ಅದರಲ್ಲಿ ಕಾಫಿ ಕುಡಿಯಹೊರಟರೆ ಅರ್ಧ ಬಾಯಿಗೆ, ಅರ್ಧ ಗದ್ದಕ್ಕೆ. ಮಗಳು ರಜೆಗೆ ಬಂದಾಗಲೆಲ್ಲ ಅದನ್ನು ಬಿಸಾಡುವ ಸಾಮಾನಿನ ಚೀಲಕ್ಕೆ ಹಾಕುತ್ತಾಳೆ. ಅವಳು ಅತ್ತ ಹೋದ ಮೇಲೆ ನಾನು ಅದನ್ನು ತೆಗೆದು, ತೊಳೆದು, ಮತ್ತೆ ಅದರ ಜಾಗದಲ್ಲೇ ಇಡುತ್ತೇನೆ. "ಅಮ್ಮಾ, ಇಟ್ಸ್ ಆಲ್ ಬೆಂಟ್. ವೈ ಡು ಯು ಈವನ್ ಕೀಪ್ ಇಟ್?" ಎಂದು ಕೇಳುತ್ತಾಳೆ. "ಅದು ನಿಮ್ಮಪ್ಪನ ಕೆಲಸದ ಸಾಮಾನು ಕಣೇ, ಮುಟ್ಟಬೇಡ" ಎನ್ನುತ್ತೇನೆ. ಅಮ್ಮ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡು ಸುಮ್ಮನಾಗುತ್ತಾಳೆ. ನನಗೆ ಮಾತ್ರ ಆ ಜಜ್ಜಿದ ಅಂಚಿನ ಮೇಲೆ ಬೆರಳಾಡಿಸಿದರೆ ಇವತ್ತಿಗೂ ಆ ಹಿಮದ ಬೆಳಗು ನೆನಪಾಗುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾವು ಡೆಟ್ರಾಯಿಟ್ ಪಕ್ಕದ ಲಿವೋನಿಯಾದಲ್ಲಿದ್ದೆವು. ನಾನು ಮೈಸೂರಿನಲ್ಲಿ ಕಲಿತ ಹೆರಿಗೆ ಡಾಕ್ಟರಿಕೆಯನ್ನು ಇಲ್ಲಿಯ ಆಸ್ಪತ್ರೆಯೊಂದರಲ್ಲಿ ಮತ್ತೆ ಮೊದಲಿನಿಂದ ಕಲಿಯುತ್ತಿದ್ದೆ. ನಮ್ಮವರಿಗೆ ಕಾರಿನ ಸಸ್ಪೆನ್ಷನ್ ಮಾಡುವ ಕಂಪನಿಯಲ್ಲಿ ಕೆಲಸ. ಸಸ್ಪೆನ್ಷನ್ ಎಂದರೆ ಚಕ್ರಕ್ಕೂ ಮೇಲೆ ಕೂತವರಿಗೂ ನಡುವೆ ಇರುವ ಸ್ಪ್ರಿಂಗು, ಶಾಕು, ಕಬ್ಬಿಣದ ಕೈಕಾಲು ಇತ್ಯಾದಿ. ಚಕ್ರ ಗುಂಡಿಗೆ ಬಿದ್ದದ್ದು ಸೀಟಿನಲ್ಲಿರುವವರಿಗೆ ಗೊತ್ತೇ ಆಗಬಾರದು, ಅದಕ್ಕೇ ಇವರಿಗೆ ಸಂಬಳ. ಈ ಊರಿನ ಕಾರುಗಳೆಲ್ಲ ಆಗ ದಿವಾನಖಾನೆಯ ಹಾಗೆ ಇರುತ್ತಿದ್ದವು, ಅದರೊಳಗೆ ಕೂತು ಹೋಗುವುದು ಹಾಸಿಗೆಯ ಮೇಲೆ ಮಲಗಿ ಹೋದಂತೆ. ಇವರಿಗೆ ಅದೂ ಸಾಲದು.

ಆಫೀಸಿನಲ್ಲಿ ಅಳೆಯಲು ಏನೇನೋ ಯಂತ್ರಗಳಿದ್ದವು. ಮನೆಯಲ್ಲಿ ಇದ್ದದ್ದು ನಾನು ಮತ್ತು ಲೋಟ. ನನ್ನನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅಂಚಿನವರೆಗೆ ಫಿಲ್ಟರ್ ಕಾಫಿ ತುಂಬಿದ ಲೋಟವನ್ನು ಕೈಗೆ ಕೊಟ್ಟು, ಹುಡುಕಿ ಹುಡುಕಿ ಕೆಟ್ಟ ರಸ್ತೆಯಲ್ಲಿ ಗಾಡಿ ಓಡಿಸುವರು. ರಸ್ತೆ ನೋಡುವ ಬದಲು ಓರೆಗಣ್ಣಿನಲ್ಲಿ ಲೋಟ ನೋಡುವರು. "ಚೆಲ್ತಾ?" ಚೆಲ್ಲಿದರೆ ಮನೆಗೆ ಬಂದು ಗಾಡಿಯ ಕೆಳಗೆ ತೂರಿಕೊಂಡು ಏನೋ ತಿರುಗಿಸುವರು, ಮತ್ತೆ ಕಾಫಿ, ಮತ್ತೆ ರಸ್ತೆ. ಒಂದು ಸಲಕ್ಕೆ ಒಂದೇ ಬೋಲ್ಟು, ಅದೂ ಅರ್ಧ ಸುತ್ತು ಮಾತ್ರ. ಎರಡನ್ನು ಒಟ್ಟಿಗೆ ಮುಟ್ಟಿದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲವಂತೆ. ನನ್ನ ಎಷ್ಟು ಸೀರೆಗಳ ಮೇಲೆ ಕಾಫಿಯ ಕಲೆ ಆಗಿದೆಯೋ ಅಷ್ಟು ಅರ್ಧ ಸುತ್ತುಗಳು ಆಗಿರಬೇಕು.

ಈ ಕೆಲಸಕ್ಕೆ ನನಗೆ ಅರ್ಹತೆ ಇತ್ತು ಎನ್ನಿ. ಮೈಸೂರಿನಲ್ಲಿ ನಮ್ಮಜ್ಜಿಯ ಮನೆ ಅಗ್ರಹಾರದಲ್ಲಿ, ನಮ್ಮದು ಒಂಟಿಕೊಪ್ಪಲಿನಲ್ಲಿ. ಭಾನುವಾರ ಅಜ್ಜಿ ಮಾಡಿದ ಹುಳಿಯನ್ನು ನಮ್ಮ ಮನೆಗೆ ಜಟಕಾದಲ್ಲಿ ತರುವಾಗ ಪಾತ್ರೆ ನನ್ನ ತೊಡೆಯ ಮೇಲೆಯೇ. ಕೆಳಗೆ ಹುಲ್ಲು, ಹುಲ್ಲಿನ ಮೇಲೆ ಚಾಪೆ, ಚಾಪೆಯ ಮೇಲೆ ನಾವು. ಕುದುರೆಯ ಬೆವರು, ಹುಲ್ಲು, ಹುಳಿಯ ಇಂಗು ಎಲ್ಲ ಸೇರಿದ ವಾಸನೆ ಈಗಲೂ ಮೂಗಿನಲ್ಲಿದೆ. ಅಜ್ಜಿ ದಪ್ಪ ಹೆಂಗಸು. ಹತ್ತಿದವರೇ ಹಿಂದೆ ಕೂತುಬಿಡುತ್ತಿದ್ದರು. ಜಟಕಾದವನು ತಿರುಗಿ ನೋಡದೆಯೇ, "ಅಮ್ಮಾವ್ರೇ, ವಸಿ ಮುಂದಕ್ಕೆ ಬನ್ನಿ, ಹಿಂದಕ್ಕೆ ಭಾರ ಬಿತ್ತು" ಎನ್ನುವನು. ಅಜ್ಜಿ ಅಲುಗಾಡುತ್ತಿರಲಿಲ್ಲ. ನನ್ನನ್ನೂ ಪಾತ್ರೆಯನ್ನೂ ಮುಂದಕ್ಕೆ ತಳ್ಳುವರು. ಹಾಗೆ ಮುಂದೆ ಕೂತು, ಕುದುರೆಯ ಬಾಲದಿಂದ ಮುಖ ಉಳಿಸಿಕೊಂಡು, ಒಂದು ತೊಟ್ಟೂ ಚೆಲ್ಲದೆ ಮನೆ ಮುಟ್ಟಿಸಿದವಳು ನಾನು. ಇದನ್ನು ಮದುವೆಯಾದ ಹೊಸದರಲ್ಲಿ ಇವರಿಗೆ ಹೆಮ್ಮೆಯಿಂದ ಹೇಳಿಕೊಂಡಿದ್ದೆ, ಅನುಭವಿಸಿದೆ.

ಪಕ್ಕದ ಮನೆಯ ಮುದುಕ ವಾಲ್ಟ್ ಚಳಿ ಸಾಕಾಗಿ ಫ್ಲೋರಿಡಾಕ್ಕೆ ಹೊರಟಾಗ ಅವನ ಹಳೆಯ ಸ್ನೋಮೊಬೈಲ್ ನಮ್ಮ ಗರಾಜಿಗೆ ಬಂತು. ಕಂಡಿರದವರಿಗಾಗಿ ಹೇಳುತ್ತೇನೆ. ಹಿಮದ ಮೇಲೆ ಓಡುವ ಮೋಟಾರ್ ಸೈಕಲ್ಲು ಅಂದುಕೊಳ್ಳಿ. ಮುಂದೆ ಚಕ್ರದ ಬದಲು ಎರಡು ಜಾರುಪಟ್ಟಿ, ಅದಕ್ಕೆ ಸ್ಕೀ ಎನ್ನುತ್ತಾರೆ. ಹ್ಯಾಂಡಲ್ ತಿರುಗಿಸಿದರೆ ಅವು ತಿರುಗುತ್ತವೆ. ಸೀಟಿನ ಕೆಳಗೆ ಅಗಲವಾದ ರಬ್ಬರ್ ಪಟ್ಟಿಯೊಂದು ಸುತ್ತುತ್ತಾ ಗಾಡಿಯನ್ನು ತಳ್ಳುತ್ತದೆ. ಆ ಪಟ್ಟಿಯ ಒಳಗೆ ಮುಂದೊಂದು, ಹಿಂದೊಂದು ಸ್ಪ್ರಿಂಗು. ಉಳಿದ ಕನ್ನಡದವರು ಕಲರ್ ಟೀವಿ ಕೊಂಡರೆ ನಮ್ಮವರು ಇದನ್ನು ಕೊಂಡರು, ಓಡಿಸುವುದಕ್ಕಲ್ಲ, ಒಳಗಿನ ಸ್ಪ್ರಿಂಗು ನೋಡುವುದಕ್ಕೆ. ಆಯುಧಪೂಜೆಯ ದಿನ ಅದರ ಮೂತಿಗೆ ಅರಿಸಿನ ಕುಂಕುಮ ಹಚ್ಚಿದ್ದಾಯಿತು. ಮೊದಲ ಹಿಮ ಬಿದ್ದ ಶನಿವಾರ ಶಾಲೆಯ ಹಿಂದಿನ ಬಯಲಿಗೆ ಒಯ್ದು, ಹಿಂದೆ ನನ್ನನ್ನು ಕೂರಿಸಿ, ಕೈಗೆ ಲೋಟ ಕೊಟ್ಟರು.

ಡಿಸೆಂಬರಿನ ಪ್ರತಿ ಶನಿವಾರವೂ ಅದೇ. ಕೊನೆಗೊಮ್ಮೆ ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಹೋದರೂ ಕಾಫಿ ಚೆಲ್ಲಲಿಲ್ಲ. ಇವರ ಮುಖ ಅರಳಿತು. ಲೋಟವನ್ನು ಸೀಟಿನ ಕೆಳಗಿನ ಡಬ್ಬಿಯಲ್ಲಿಟ್ಟು ಮುಚ್ಚಿದರು. ಆ ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಬಸವರಾಜ್ ಇದನ್ನು ಕೇಳಿ, "ಎಲ್ಲಾರೂ ಬರ್ಫದಾಗ ಜೋರ್ ಹೋಗಾಕ ಗಾಡಿ ಇಟ್ಕೋತಾರ. ಮೈಸೂರ್ ಮಂದಿ ಕಾಫಿ ಕುಡ್ಯಾಕ ಇಟ್ಕೊಂಡಾರ ನೋಡ್ರಿ" ಎಂದು ಎಲ್ಲರನ್ನೂ ನಗಿಸಿದರು. ಬಸವರಾಜ್ ಹುಬ್ಬಳ್ಳಿಯವರು, ಇಂಜಿನಿಯರು, ನಮ್ಮಿಂದ ಎರಡು ಮೈಲಿ ಆಚೆ ಫೈವ್ ಮೈಲ್ ರೋಡಿನ ಅಪಾರ್ಟ್‌ಮೆಂಟಿನಲ್ಲಿದ್ದರು. ಅವರ ಹೆಂಡತಿ ಗಿರಿಜಾ ತುಂಬು ಗರ್ಭಿಣಿ. ಹೊಟ್ಟೆ ಹಿಡಿದುಕೊಂಡು ನಕ್ಕಳು.

ಊಟವಾದ ಮೇಲೆ ಅವಳು ನನ್ನನ್ನು ಒಳಗೆ ಕರೆದಳು. ಮೊದಲನೆಯ ಮಗು ಹುಬ್ಬಳ್ಳಿಯಲ್ಲಿ ಹೆರಿಗೆಯಲ್ಲೇ ಹೋಗಿತ್ತು. ಅದು ತಲೆ ಮುಂದಾಗಿ ಬಂದಿರಲಿಲ್ಲ. ಈ ಮಗುವೂ ತಲೆ ಮೇಲೆ ಮಾಡಿಕೊಂಡೇ ಕೂತಿದೆ ಎಂದು ಆ ವಾರವಷ್ಟೇ ಗೊತ್ತಾಗಿತ್ತು. "ಅಕ್ಕಾರ, ಇದರೆ ಉಳೀತೈತೇನ್ರಿ?" ಎಂದು ಕೇಳಿದಳು. ನೋವು ಬರುವ ಮೊದಲೇ ಆಸ್ಪತ್ರೆಗೆ ಸೇರಿಸಿಕೊಂಡು ಆಪರೇಷನ್ ಮಾಡುತ್ತೇವೆ, ದಿನವೂ ಗೊತ್ತಾಗಿದೆ, ಹೆದರಬೇಡ ಎಂದೆ. ನಿಜಕ್ಕೂ ಎಲ್ಲ ಗೊತ್ತಾಗಿತ್ತು. ಹಿಮಕ್ಕೆ ಮಾತ್ರ ಯಾರೂ ತಿಳಿಸಿರಲಿಲ್ಲ.

ಬಿತ್ತು ನೋಡಿ, ಒಂದು ಇಡೀ ರಾತ್ರಿ. ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ಬಿಳಿ ಗೋಡೆ. ರಸ್ತೆ ಯಾವುದು, ಹುಲ್ಲಿನಂಗಳ ಯಾವುದು ಒಂದೂ ತಿಳಿಯದು. ರೇಡಿಯೋದವನು ಯಾರೂ ಹೊರಗೆ ಬರಬೇಡಿ ಎನ್ನುತ್ತಿದ್ದ. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಫೋನು ಬಂತು.

"ವೈನಿ, ನಾನ್ರಿ ಬಸವರಾಜ. ಗಿರಿಜಾಗ ನೋವು ಚಾಲೂ ಆಗ್ಯಾವ. ನೀರು ಹೋಗೈತಿ. ಆಂಬುಲೆನ್ಸ್‌ನವ್ರು ರೋಡ್ ಕ್ಲಿಯರ್ ಆಗೋತನ ಬರಾಂಗಿಲ್ಲ ಅಂತಾರ." ಅವರ ಧ್ವನಿ ಅಷ್ಟು ಸಣ್ಣದಾಗಿದ್ದುದನ್ನು ನಾನು ಎಂದೂ ಕೇಳಿರಲಿಲ್ಲ. ಹಿಂದೆ ಗಿರಿಜಾ ಕೂಗುವುದು ಕೇಳಿಸಿತು. ಎಷ್ಟು ಹೊತ್ತಿಗೊಂದು ನೋವು ಬರುತ್ತಿದೆ ಎಂದು ಕೇಳಿದೆ. ಐದು ನಿಮಿಷಕ್ಕೊಂದು ಎಂದರು. ಬರುತ್ತೇನೆ, ಅವಳನ್ನು ಮಲಗಿಸಿ, ನೀರು ಕುದಿಸಿ ಎಂದು ಫೋನಿಟ್ಟೆ. ಇವರು ಆಗಲೇ ಗರಾಜಿನಲ್ಲಿದ್ದರು. ಸ್ನೋಮೊಬೈಲಿನ ಇಂಜಿನ್ನು ಕೆಮ್ಮಿ, ನಿಂತು, ಮತ್ತೆ ಕೆಮ್ಮಿ ಹಿಡಿದುಕೊಂಡಿತು. ಹುರಿದ ರವೆಯನ್ನು ಒಲೆಯ ಮೇಲೇ ಬಿಟ್ಟು, ಇವರ ಹಳೆಯ ಪ್ಯಾಂಟು ಜಾಕೆಟ್ಟು ತೊಟ್ಟು, ಹೆರಿಗೆಯ ಸಾಮಾನಿನ ಚೀಲ ಎದೆಗವಚಿಕೊಂಡು ಹಿಂದೆ ಹತ್ತಿ ಕೂತೆ.

ನಮ್ಮ ಬಡಾವಣೆಯ ಮೊದಲ ತಿರುವಿನಲ್ಲೇ ಗೊತ್ತಾಯಿತು. ಇವರು ಹ್ಯಾಂಡಲ್ ಎಡಕ್ಕೆ ತಿರುಗಿಸಿದರು, ಸ್ಕೀಗಳು ಎಡಕ್ಕೆ ತಿರುಗಿದವು, ಗಾಡಿ ನೆಟ್ಟಗೆ ಹೋಯಿತು. ಎದುರುಮನೆಯವರ ಅಂಚೆಪೆಟ್ಟಿಗೆಯ ಕಂಬಕ್ಕೆ ಮೂತಿ ತಗುಲಿಸಿ ನಿಂತಿತು. ಇವರು ಇಳಿದು, ಎಳೆದು, ತಿರುಗಿಸಿ ಮತ್ತೆ ಹತ್ತಿದರು. ದೊಡ್ಡ ರಸ್ತೆ ನೇರವಾಗಿದ್ದುದರಿಂದ ಒಂದಷ್ಟು ದೂರ ಹಾಯಾಗಿ ಹೋದೆವು. ನಿಜವಾಗಿ ಹಾಯಾಗಿ. ಕೆಳಗೆ ಏನೇನು ಉಬ್ಬು ತಗ್ಗುಗಳಿದ್ದವೋ, ನನಗೆ ಒಂದೂ ತಿಳಿಯಲಿಲ್ಲ. ಅಲ್ಲಲ್ಲಿ ಹಿಮದೊಳಗಿಂದ ಕಾರುಗಳ ಆಂಟೆನಾಗಳು ಮಾತ್ರ ಮೇಲೆ ಕಾಣುತ್ತಿದ್ದವು. ರಾತ್ರಿ ಸಿಕ್ಕಿಬಿದ್ದವರು ಬಿಟ್ಟುಹೋದ ಕಾರುಗಳು.

ತೊರೆಯ ಸೇತುವೆಗೆ ಇಳಿಯುವ ಇಳಿಜಾರಿನಲ್ಲಿ ಅಂಥದೊಂದು ರಸ್ತೆಗೆ ಅಡ್ಡವಾಗಿ ನಿಂತಿತ್ತು. ಇವರು ದೂರದಿಂದಲೇ ಹ್ಯಾಂಡಲ್ ತಿರುಗಿಸಿದರು. ಆಗಲಿಲ್ಲ. ಇನ್ನೂ ತಿರುಗಿಸಿದರು. ಮೈಯನ್ನೆಲ್ಲ ಒಂದು ಬದಿಗೆ ವಾಲಿಸಿದರು. ಗಾಡಿ ತನ್ನ ಪಾಡಿಗೆ ಕಾರಿನ ಕಡೆಗೇ ಜಾರುತ್ತಿತ್ತು. ನಾನು ಕಣ್ಣು ಮುಚ್ಚಿದೆ. ತಗಡು ಕೆರೆದ ಸದ್ದಾಯಿತು, ಆಮೇಲೆ ಬಾಯಿ ಮೂಗಿನ ತುಂಬ ಹಿಮ. ಎದ್ದು ನೋಡಿದರೆ ಇವರು ಆ ಕಡೆ, ನಾನು ಈ ಕಡೆ, ಚೀಲ ನನ್ನ ತೋಳಿನಲ್ಲೇ. ಯಾರಿಗೂ ಪೆಟ್ಟಾಗಿರಲಿಲ್ಲ.

"ನಾನು ನಡ್ಕೊಂಡು ಹೋಗ್ತೀನಿ" ಎಂದೆ.

"ಸೊಂಟದವರೆಗೂ ಇದೆ, ಸರೋಜ. ಎಲ್ಲಿಗೆ ನಡೀತೀಯ? ಸ್ವಲ್ಪ ಟೈಮ್ ಕೊಡು."

"ಅವಳ ಹತ್ರ ಟೈಮಿಲ್ಲ ರೀ."

ಇವರು ಗಾಡಿಯ ಮುಂದೆ ಮೊಣಕಾಲೂರಿ ಸ್ಕೀಯ ತುದಿಯನ್ನು ಎರಡೇ ಬೆರಳಲ್ಲಿ ಎತ್ತಿದರು. ಅದು ಸಲೀಸಾಗಿ ಮೇಲೆ ಬಂತು. "ನೋಡು, ಇದರ ಮೇಲೆ ಭಾರಾನೇ ಇಲ್ಲ. ಹಿಮ ಹಿಡಿದ್ರೆ ತಾನೆ ತಿರುಗೋದು" ಎಂದರು.

"ಯಾಕಿಲ್ಲ?"

ಸ್ಕೀಯನ್ನು ಮೆಲ್ಲಗೆ ಕೆಳಗೆ ಬಿಟ್ಟರು. ಆಮೇಲೆ ನನ್ನ ಮುಖ ನೋಡದೆ, "ಕಾಫಿಗೋಸ್ಕರ" ಎಂದರು.

ಹಿಂದೆ ಕೂತ ನನ್ನ ಕೈಯ ಲೋಟ ಅಲುಗಬಾರದೆಂದು ಹಿಂದಿನ ಸ್ಪ್ರಿಂಗನ್ನು ಆದಷ್ಟೂ ಸಡಿಲ ಮಾಡಿದ್ದರು. ಮೂತಿ ಎಲ್ಲೂ ಕುಕ್ಕಬಾರದೆಂದು ಮುಂದಿನದನ್ನು ಬಿಗಿ ಮಾಡಿದ್ದರು. ಹಿಂದೆ ಕುಸಿದು, ಮುಂದೆ ಎದ್ದು, ಗಾಡಿ ತೊಟ್ಟಿಲಿನ ಹಾಗಾಗಿತ್ತು. ನೆಟ್ಟಗೆ ಹೋಗುವ ಬಯಲಿನಲ್ಲಿ ತೊಟ್ಟಿಲು ಸಾಕಾಗಿತ್ತು. ತಿರುಗಬೇಕಾದ ಕಡೆ ಸ್ಕೀಗಳು ಹಿಮದ ಮೇಲೆ ತೇಲುತ್ತಿದ್ದವು. ಹಾಳು ಕಾಫಿಗಾಗಿ ಒಂದು ಮಗುವಿನ ಪ್ರಾಣ ಹೋಗುತ್ತದಲ್ಲ ಎಂದು ನನಗೆ ಆಗ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕಾಫಿ ಕುಡಿದವಳು ನಾನೇ ಎನ್ನುವುದೂ ಸಿಟ್ಟನ್ನು ಕಡಿಮೆ ಮಾಡಲಿಲ್ಲ.

ಗಾಡಿಯನ್ನು ಇಬ್ಬರೂ ಸೇರಿ ಒಂದು ಮಗ್ಗುಲಿಗೆ ಉರುಳಿಸಿದೆವು. ಒಳಗೆ ಬೋಲ್ಟೇ ಕಾಣಿಸಲಿಲ್ಲ. ರಬ್ಬರ್ ಪಟ್ಟಿಯ ಒಳಗೆಲ್ಲ ಹಿಮ ಹೊಕ್ಕು ಕಲ್ಲಿನಂತೆ ಗಟ್ಟಿಯಾಗಿತ್ತು. ಒಂದು ಸ್ಪ್ಯಾನರ್ ಬಿಟ್ಟರೆ ಇವರ ಬಳಿ ಬೇರೆ ಸಾಮಾನಿಲ್ಲ. ನಾನು ಸೀಟಿನ ಕೆಳಗಿನ ಡಬ್ಬಿ ತೆಗೆದು ಲೋಟ ಕೊಟ್ಟೆ. ಅದರ ಅಂಚಿನಿಂದ ಇವರು ಆ ಮಂಜನ್ನು ಕುಟ್ಟಿದರು, ಕೆರೆದರು, ಬಗೆದರು. ಮನೆಯಲ್ಲಿ ಲೋಟ ಸಿಂಕಿಗೆ ತಗುಲಿದರೂ ಗೊಣಗುವ ಮನುಷ್ಯ. ಕೈಗವಸು ಬಿಚ್ಚಿ ಎಸೆದಿದ್ದರು. ಬೆರಳುಗಳು ಕೆಂಪಗಾಗಿ, ಆಮೇಲೆ ಬೆಳ್ಳಗಾದವು. ನಾನು ಡಾಕ್ಟರು, ಬೆಳ್ಳಗಾದರೆ ಏನು ಅರ್ಥ ಅಂತ ನನಗೆ ಗೊತ್ತು, ಆದರೂ ನಿಲ್ಲಿಸಿ ಎನ್ನಲಿಲ್ಲ. ಕೊನೆಗೆ ಮುಂದಿನ ಸ್ಪ್ರಿಂಗಿನ ಬೋಲ್ಟು ಕಂಡಿತು. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಸಡಿಲಿಸಿ ಕೈ ತೆಗೆದರು. ಎದ್ದು ನಿಂತರು.

"ಯಾಕೆ ನಿಲ್ಸಿದ್ರಿ?"

"ಓಡಿಸಿ ನೋಡ್ಬೇಕು."

"ಏನ್ರೀ ನೋಡೋದು? ಪೂರ್ತಿ ಬಿಚ್ಚಿ."

"ಎಷ್ಟು ಅಂತ ಗೊತ್ತಿಲ್ಲ ಕಣೇ. ಜಾಸ್ತಿಯಾದ್ರೆ ಮೂತಿ ಹೂತುಹೋಗತ್ತೆ."

"ಹೂತರೆ ಹೂತುಹೋಗಲಿ" ಎಂದು ನಾನು ಅತ್ತುಬಿಟ್ಟೆ. ಕಣ್ಣೀರು ಕೆನ್ನೆಯ ಮೇಲೇ ಕೊರೆಯತೊಡಗಿತು. ಇವರು ನನ್ನನ್ನು ನೋಡಿದರು. ಮತ್ತೆ ಕೂತು ಬೋಲ್ಟನ್ನು ತಿರುಗಿಸುತ್ತಲೇ ಹೋದರು, ಎಣಿಸಲೂ ಇಲ್ಲ. ಆಮೇಲೆ ಹಿಂದಿನದನ್ನು ಬಿಗಿ ಮಾಡಲು ಕೈ ಹಾಕಿದರು. ಒಂದು ಓಟಕ್ಕೆ ಎರಡು ಬೋಲ್ಟು ಮುಟ್ಟಿದ್ದು ಅವರ ಜೀವಮಾನದಲ್ಲಿ ಅದೇ ಮೊದಲು. ಹಿಂದಿನದು ಮಂಜುಗಟ್ಟಿ ಕೂತಿತ್ತು. ಸ್ಪ್ಯಾನರ್ ಜಾರಿ ಗೆಣ್ಣುಗಳ ಚರ್ಮ ಕಿತ್ತುಬಂತು, ಬೋಲ್ಟು ಅಲುಗಲಿಲ್ಲ.

"ಇದು ಬರಲ್ಲ. ಹಿಂದೆ ಕುಸಿದೇ ಇರತ್ತೆ" ಎಂದು ಸ್ಪ್ಯಾನರ್ ಕೆಳಗಿಟ್ಟರು.

ಹಿಂದಕ್ಕೆ ಭಾರ ಬಿದ್ದ ಗಾಡಿ. ಎಲ್ಲಿಂದ ಬಂತೋ, ಇಂಗಿನ ವಾಸನೆ ಮೂಗಿಗೆ ಬಂದಂತಾಯಿತು. "ನಾನು ಮುಂದೆ ಕೂತ್ಕೋತೀನಿ" ಎಂದೆ. ಇವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಗಾಡಿಯನ್ನು ನೆಟ್ಟಗೆ ಮಾಡಿ ಹಿಂದಕ್ಕೆ ಎಳೆದು, ನನ್ನನ್ನು ಹ್ಯಾಂಡಲ್ಲಿಗೆ ಎದೆ ತಾಗುವಂತೆ ಮುಂದೆ ಕೂರಿಸಿ, ಬೆನ್ನ ಹಿಂದೆ ತಾವು ಕೂತು, ನನ್ನ ಎರಡೂ ಕಡೆಯಿಂದ ಕೈ ಚಾಚಿ ಹ್ಯಾಂಡಲ್ ಹಿಡಿದರು. ಅಗ್ರಹಾರದವರು ಯಾರಾದರೂ ನೋಡಿದ್ದರೆ ಎರಡು ತಲೆಮಾರು ಆಡಿಕೊಳ್ಳುತ್ತಿದ್ದರು.

ಗಾಡಿ ಕಾರಿನ ಕಡೆ ಮೂತಿ ಮಾಡಿ ಹೊರಟಿತು. ಹ್ಯಾಂಡಲ್ ಎಡಕ್ಕೆ ತಿರುಗಿತು. ಸ್ಕೀಗಳು ಹಿಮವನ್ನು ಕಚ್ಚಿದ್ದು ನನ್ನ ಮೊಣಕೈಗಳಿಗೆ ತಿಳಿಯಿತು. ಮೂತಿ ತಿರುಗಿತು, ಕಾರಿನ ಬದಿಯಿಂದ ಗೇಣು ಬಿಟ್ಟು ದಾಟಿ ಸೇತುವೆಗೆ ಬಂದೆವು. ಅಲ್ಲಿಂದ ಮುಂದೆ ಒಂದೊಂದು ಉಬ್ಬೂ ನೆಟ್ಟಗೆ ನನ್ನ ಬೆನ್ನುಹುರಿಗೆ. ಹಲ್ಲು ಹಲ್ಲಿಗೆ ಬಡಿಯಿತು. ಚೀಲದಲ್ಲಿ ಕತ್ತರಿ, ಇಕ್ಕಳ, ಅವಸರದಲ್ಲಿ ತುರುಕಿದ ಲೋಟ ಎಲ್ಲ ಗಲಗಲ ಎನ್ನುತ್ತಿದ್ದವು. ಫೈವ್ ಮೈಲ್ ರೋಡಿನ ಮೂಲೆಯಲ್ಲಿ ಹ್ಯಾಂಡಲ್ ತಿರುಗಿಸುವ ಮೊದಲು ಇವರು ನನ್ನ ಕಿವಿಯ ಬಳಿ, "ಬಗ್ಗು" ಎಂದರು, ಬಗ್ಗಿದೆ, ತಿರುಗಿತು.

ಬಸವರಾಜ್ ಬಾಗಿಲಲ್ಲೇ ನಿಂತಿದ್ದರು. ಒಳಗಿನ ಕೋಣೆ ತೋರಿಸಿದರು. ಮಗು ಕುಂಡೆ ಮುಂದಾಗಿ ಆಗಲೇ ಇಳಿದಿತ್ತು. ಇನ್ನು ಯಾವ ಆಸ್ಪತ್ರೆಯೂ ಇಲ್ಲ, ಆಪರೇಷನ್ನೂ ಇಲ್ಲ. ನಾನು ಕೈ ತೊಳೆದುಕೊಂಡು ಗಿರಿಜಾಳ ಕಾಲ ಬಳಿ ಕೂತೆ. ಇಂಥ ಹೆರಿಗೆಯಲ್ಲಿ ಎಳೆಯಬಾರದು. ಎಳೆದರೆ ಮಗು ಕೈ ಮೇಲೆತ್ತುತ್ತದೆ, ತಲೆ ಸಿಕ್ಕಿಕೊಳ್ಳುತ್ತದೆ. ಮೈ ತಾನಾಗಿ ಇಳಿಯುವವರೆಗೆ ಕೈ ಕಟ್ಟಿಕೊಂಡು ಕೂರಬೇಕು ಎಂದು ಮೈಸೂರಿನಲ್ಲಿ ನಮ್ಮ ಮೇಡಂ ಹೇಳಿಕೊಟ್ಟಿದ್ದರು. ಸೇತುವೆಯ ಬಳಿ ಗಂಡನಿಗೆ ಒಂದು ಅರ್ಧ ಸುತ್ತಿನ ತಾಳ್ಮೆ ಕೊಡದವಳು ಇಲ್ಲಿ ಕೂತು ಕಾದೆ. ಗಿರಿಜಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಕ್ಕಾರ, ಹೇಳ್ರಿ, ಇದರೆ..." ಎಂದಳು. "ಉಳಿಯುತ್ತೆ ಗಿರಿಜಾ. ನಾನು ಹೇಳಿದಾಗ ಮಾತ್ರ ಮುಕ್ಕು" ಎಂದೆ. ಉಳಿಯುತ್ತದೆಂದು ನನಗೇನೂ ಗೊತ್ತಿರಲಿಲ್ಲ.

ಕಾಲು ಬಂತು, ಹೊಟ್ಟೆ ಬಂತು, ಒಂದೊಂದಾಗಿ ಕೈ ಬಂತು. ತಲೆ ನಿಂತಿತು. ಅದೆಷ್ಟು ಹೊತ್ತೋ, ಗಡಿಯಾರ ನೋಡುವ ಧೈರ್ಯವಾಗಲಿಲ್ಲ. ಮಗುವನ್ನು ನನ್ನ ಮುಂದೋಳಿನ ಮೇಲೆ ಮಲಗಿಸಿಕೊಂಡು, ಅದರ ಬಾಯಿಯಲ್ಲಿ ಬೆರಳಿಟ್ಟು ಗಲ್ಲವನ್ನು ಎದೆಗೆ ಬಾಗಿಸಿ, "ಈಗ" ಎಂದೆ. ಗಿರಿಜಾ ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿದಳು. ಹೊರಗೆ ಬಂದದ್ದು ಹೆಣ್ಣುಮಗು. ನೀಲಿಗಟ್ಟಿತ್ತು, ಅಳಲಿಲ್ಲ. ಒರೆಸಿದೆ, ಬೆನ್ನುಜ್ಜಿದೆ, ಅಂಗಾಲು ತಟ್ಟಿದೆ, ಮೂಗು ಬಾಯಿಗೆ ಸೇರಿಸಿ ಉಸಿರು ಊದಿದೆ. ಮತ್ತೆ ಊದಿದೆ. ಅದು ಮುಖ ಸಿಂಡರಿಸಿತು. ಆಮೇಲೆ ಅತ್ತಿತು, ಎಲ್ಲ ಮಕ್ಕಳೂ ಅಳುವ ಹಾಗೆ, ಯಾರ ಮೇಲೋ ಸಿಟ್ಟು ಬಂದಂತೆ.

ನಾನು ಹೊರಗೆ ಬಂದಾಗ ಇವರು ಸೋಫಾದ ತುದಿಯಲ್ಲಿ ಕೂತಿದ್ದರು. ಅಳುವಿನ ಸದ್ದು ಕೇಳಿದಾಗಿನಿಂದ ಹಾಗೇ ಕೂತಿದ್ದಾರೆ ಎಂದರು ಬಸವರಾಜ್. ಮನೆಯಲ್ಲಿದ್ದ ಕಪ್ಪುಗಳೆಲ್ಲ ಎಲ್ಲಿ ಹೋಗಿದ್ದವೋ, ಅವರು ನನ್ನ ಚೀಲದಿಂದ ಹೊರಗೆ ಬಿದ್ದಿದ್ದ ಆ ಜಜ್ಜಿದ ಲೋಟವನ್ನೇ ತೊಳೆದು, ಅಂಚಿನವರೆಗೆ ಚಹಾ ತುಂಬಿ ತಂದು ಇವರ ಕೈಗೆ ಕೊಟ್ಟರು. ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಇವರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಕೆಳಗಿನ ನೆಲ ಗಟ್ಟಿಯಾಗಿತ್ತು, ಸೋಫಾ ಅಲುಗುತ್ತಿರಲಿಲ್ಲ. ಚಹಾ ಮಾತ್ರ ಒಂದು ಕಡೆಯಿಂದ ತುಳುಕಿತು, ಆಮೇಲೆ ಇನ್ನೊಂದು ಕಡೆಯಿಂದ. ಪ್ಯಾಂಟಿನ ಮೇಲೆ, ಬಸವರಾಜರ ಕಾರ್ಪೆಟ್ಟಿನ ಮೇಲೆ ಸುರಿಯಿತು.

"ಚಾ ಚೆಲ್ಲಾಕತ್ತೈತ್ರಿ" ಎಂದು ಬಸವರಾಜ್ ಮೆಲ್ಲಗೆ ಹೇಳಿದರು.

ಇವರು ಲೋಟದ ಕಡೆ ನೋಡಲೂ ಇಲ್ಲ. ಒಳಕೋಣೆಯ ಬಾಗಿಲನ್ನೇ ನೋಡುತ್ತಾ, "ಚೆಲ್ಲಲಿ ಬಿಡಿ" ಎಂದರು.